ಮಾವನವರ ಮಂದಾಗ್ನಿ

ನಮ್ಮ ಕಡೆ ಅತಿಥಿಯಾದವನು ಕಲಿಯಬೇಕಾದ ಮೊದಲ ವಿದ್ಯೆ, ಎಲೆಯ ಮೇಲೆ ಎರಡು ಕೈಗಳನ್ನೂ ಅಡ್ಡ ಹಿಡಿಯುವುದು. 'ಸಾಕು' ಎಂಬ ಮಾತಿಗೆ ನಿಘಂಟುಕಾರರು ಏನೇ ಅರ್ಥ ಬರೆದಿರಲಿ, ಬಡಿಸುವವರ ನಿಘಂಟಿನಲ್ಲಿ ಅದಕ್ಕೆ 'ಇನ್ನೊಂದು ಸೌಟು' ಎಂದೇ ಅರ್ಥ. ಹೊಟ್ಟೆ ತುಂಬಿತೆಂದವನ ಮಾತನ್ನು ನಂಬುವ ಪದ್ಧತಿ ನಮ್ಮಲ್ಲಿಲ್ಲ. ಈ ಅಪನಂಬಿಕೆಯ ದೆಸೆಯಿಂದ ನನ್ನ ಸೋದರಮಾವನವರು ಎರಡು ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ.

ಮಾವನವರು ನಿವೃತ್ತ ಉಪಾಧ್ಯಾಯರು. ಹಿಂದಿನವರು ಸಿಹಿಮೂತ್ರ ರೋಗವೆಂದು ಕರೆದ ಮಧುಮೇಹದೊಡನೆ ಅವರ ಸಂಸಾರ ಇಪ್ಪತ್ತೆರಡು ವರ್ಷಗಳದು. ಇನ್‌ಸುಲಿನ್ ಚುಚ್ಚಿಕೊಳ್ಳತೊಡಗಿಯೇ ಎಂಟು ವರ್ಷಗಳಾದುವು. ಎರಡು ರಾಗಿಮುದ್ದೆಗಳನ್ನು ಸೊಪ್ಪಿನ ಹುಳಿಯೊಡನೆ ಲೀಲಾಜಾಲವಾಗಿ ನುಂಗುತ್ತಿದ್ದವರು ನಾಲ್ಕು ತುತ್ತಿಗೇ ಎಲೆಯಿಂದ ಏಳತೊಡಗಿದರು. ಮಧ್ಯಾಹ್ನ ಉಂಡದ್ದು ರಾತ್ರಿಯ ವೇಳೆಗೆ ಉಂಡಂತೆಯೇ ಹೊರಬರುವುದೂ ಉಂಟಾಯಿತು. ತನ್ನ ಅಡಿಗೆ ಹಿಡಿಸಲಿಲ್ಲವೆಂದು ಸೊಸೆ ಕಣ್ಣೀರಿಟ್ಟಳು. 'ಇದೆಲ್ಲ ಹಟ' ಎಂದರು ಅತ್ತೆ. ನೆರೆಯವರೊಬ್ಬರು ಮೆಂತ್ಯದ ಪುಡಿ ತಂದುಕೊಟ್ಟರೆ ಇನ್ನೊಬ್ಬರು ಶುಂಠಿಯ ಕಷಾಯ ಹೇಳಿದರು. ಒಂದು ಔಷಧದ ಅಂಗಡಿಯಲ್ಲಂತೂ ಗ್ಯಾಸೆಂದು ತೀರ್ಪಿತ್ತು ಗುಳಿಗೆ ಕೊಟ್ಟು ಕಳುಹಿಸಿದರು. ನಮ್ಮ ನಾಡಿನಲ್ಲಿ 'ಗ್ಯಾಸ್' ಎಂಬ ಒಂದು ಶಬ್ದ ಎಷ್ಟು ರೋಗಗಳನ್ನು ತನ್ನ ಮಡಿಲಲ್ಲಿ ಅಡಗಿಸಿಕೊಂಡಿದೆಯೋ ಬಲ್ಲವರಾರು!

ಸೊರಗಿದ್ದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಎದೆ ನಡುಗಿಸಿದ ಸಂಗತಿ ಬೇರೆ. ಒಂದು ದಿನ, ನಾನು ಅಲ್ಲಿದ್ದಾಗಲೇ, ಚುಚ್ಚುಮದ್ದು ತೆಗೆದುಕೊಂಡು ಊಟ ಮುಗಿಸಿ ಒಂದು ಗಂಟೆ ಕಳೆದಿರಬಹುದು. ಮಾವನವರ ಹಣೆಯಲ್ಲಿ ಬೆವರು ಹನಿಯಿತು, ಕೈ ನಡುಗಿತು, ನನ್ನನ್ನು ಎಂದೋ ತೀರಿಹೋದ ನಮ್ಮ ತಾತನ ಹೆಸರಿನಿಂದ ಕರೆದರು. ಬೆರಳಿನ ರಕ್ತ ನೋಡಿದರೆ ಸಕ್ಕರೆ 52! ಸಕ್ಕರೆ ನೀರು ಕುಡಿಸಿದ ಮೇಲೆ ಮೆಲ್ಲಗೆ ತಿಳಿವು ಮರಳಿತು. ಅದೇ ರಾತ್ರಿ, ಏನನ್ನೂ ತಿನ್ನದಿದ್ದವರಿಗೆ, 300ಕ್ಕೂ ಮಿಗಿಲು. ಉಂಡೊಡನೆ ಇಳಿಯುವುದು, ಉಪವಾಸದಲ್ಲಿ ಏರುವುದು, ಇದಾವ ನ್ಯಾಯ?

ಆಮೇಲೆ ಕಂಡ ವೈದ್ಯರು ಅದನ್ನು ಬಿಡಿಸಿ ಹೇಳಿದರು. ಜಠರದಲ್ಲಿ ಅನ್ನವನ್ನು ಅರೆದು ಸಣ್ಣ ಕರುಳಿಗೆ ತಳ್ಳುವ ಸ್ನಾಯುಗಳಿಗೆ ಮೆದುಳಿನ ಅಪ್ಪಣೆಯನ್ನು ಹೊತ್ತು ತರುವುದು ವೇಗಸ್ ಎಂಬ ನರ. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಅಲೆಮಾರಿ ಎಂದರ್ಥ. ನಮ್ಮ 'ವೇಗ'ಕ್ಕೂ ಅದಕ್ಕೂ ನಂಟಿಲ್ಲ. (ಭಾಷೆಯ ಮೇಷ್ಟರಾದವರು ಇಂಥ ಕಡೆ ನಿಲ್ಲದೆ ಮುಂದೆ ಹೋಗಲಾರರು, ವಾಚಕರು ಮನ್ನಿಸಬೇಕು.) ಬಹುಕಾಲ ಏರಿ ನಿಂತ ಸಕ್ಕರೆಯಿಂದ ಪಾದದ ನರಗಳು ಜೋಮು ಹಿಡಿಯುವುದನ್ನು ಎಲ್ಲರೂ ಬಲ್ಲರು. ಈ ಅಲೆಮಾರಿಯೂ ಹಾಗೆಯೇ ಕುಂಟಬಹುದು. ಆಗ ದಾರಿಯಲ್ಲಿ ಯಾವ ತಡೆಯೂ ಇಲ್ಲದಿದ್ದರೂ ಅನ್ನ ಜಠರದಲ್ಲಿಯೇ ಕುಳಿತಿರುತ್ತದೆ. ಮಧುಮೇಹಿಗಳ ಈ ಸ್ಥಿತಿಗೆ 1958ರಲ್ಲಿ ಕಸ್ಯಾಂಡರ್ ಎಂಬ ವೈದ್ಯರು ಗ್ಯಾಸ್ಟ್ರೋಪರೇಸಿಸ್ ಎಂದು ಹೆಸರಿಟ್ಟರು. ನಾವು ಜಠರದ ಜಡತೆ ಎನ್ನೋಣ. ಇನ್‌ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದು ನಿಂತಿದೆ; ಅನ್ನದ ಸಕ್ಕರೆ ಇನ್ನೂ ರಕ್ತಕ್ಕೆ ಇಳಿದಿಲ್ಲ. ಅದು ಇಳಿಯುವ ಹೊತ್ತಿಗೆ ಇನ್‌ಸುಲಿನ್ ಮನೆಗೆ ಹೋಗಿರುತ್ತದೆ!

ಮೊದಲು ಕೊಳವೆ ಇಳಿಸಿ, ಹುಣ್ಣಾಗಲಿ ಅಡ್ಡಿಯಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ವಿಕಿರಣ ಸೂಸುವ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಆಹಾರ ತಿನ್ನಿಸಿ ನಾಲ್ಕು ಗಂಟೆಗಳ ಕಾಲ ಚಿತ್ರ ತೆಗೆದರು. ಪಾಶ್ಚಾತ್ಯರಲ್ಲಿ ಇದಕ್ಕೆ ಮೊಟ್ಟೆಯ ಬಿಳಿಭಾಗ. ಮಾವನವರ ಆಚಾರವನ್ನು ಇಡ್ಲಿ ಉಳಿಸಿತು. ನಾಲ್ಕು ಗಂಟೆಗಳಾದ ಮೇಲೆ ಜಠರದಲ್ಲಿ ನೂರಕ್ಕೆ 10 ಪಾಲಿಗಿಂತ ಹೆಚ್ಚು ಉಳಿದಿರಬಾರದು. ಅವರಲ್ಲಿ ಮೂರರಲ್ಲೊಂದು ಪಾಲು ಅಲುಗದೆ ಕುಳಿತಿತ್ತು. ವರದಿ ಬಂದಂದು ಸೊಸೆಯ ಮುಖ ಅರಳಿತು: "ನೋಡಿದಿರಾ ಅತ್ತೆ, ನನ್ನ ಅಡಿಗೆಯದಲ್ಲ ತಪ್ಪು!"

ಇನ್ನು ಪಥ್ಯದ ವೈಚಿತ್ರ್ಯ. ಇಷ್ಟು ವರ್ಷ ಸೊಪ್ಪು, ಮೊಳಕೆಕಾಳು, ಮುದ್ದೆ ಎಂದು ಉಪದೇಶಿಸಿದ ಶಾಸ್ತ್ರವೇ ಈಗ ನಾರು ತಗ್ಗಿಸಿ, ಜಿಡ್ಡು ಬಿಡಿ, ದಿನದ ಊಟವನ್ನು ಆರು ಪಾಲು ಮಾಡಿ ಎಂದಿತು. ಮೆಂತ್ಯದ ಪುಡಿ ಡಬ್ಬಿ ಸೇರಿತು. ಮೆತ್ತಗೆ ಬೆಂದ ಅನ್ನ, ತಿಳಿಸಾರು, ಸೋಸಿದ ಗಂಜಿ, ಮಜ್ಜಿಗೆ ಎಲೆಗೆ ಬಂದುವು. ದ್ರವ ಜಾರುವಷ್ಟು ಸುಲಭವಾಗಿ ಗಟ್ಟಿ ಪದಾರ್ಥ ಜಾರದು. ಉಂಡು ಮಲಗುವಂತಿಲ್ಲ, ಅಂಗಳದಲ್ಲಿ ಅಡ್ಡಾಡಬೇಕು. ಇನ್‌ಸುಲಿನ್ನಿನ ಹೊತ್ತನ್ನೂ ಅಳತೆಯನ್ನೂ ವೈದ್ಯರು ಬದಲಿಸಿದರು. ಜಠರವನ್ನು ಚುರುಕುಗೊಳಿಸುವ ಗುಳಿಗೆಗಳೂ ಉಂಟು. ಆದರೆ ಕೆಲವನ್ನು ಬಹುಕಾಲ ನುಂಗಿದರೆ ಮುಖ, ನಾಲಗೆಗಳು ತಾವಾಗಿ ಅಲುಗತೊಡಗುವ ಭಯವಿದೆ.

ಮಧುಮೇಹಿಯ ಹೊಟ್ಟೆಯ ದೂರುಗಳೆಲ್ಲ ಇದೇ ಎಂದಲ್ಲ. ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯೇ ಕೆಲವರಿಗೆ ಭೇದಿ ತರುತ್ತದೆ. ತೂಕವನ್ನೂ ಇಳಿಸುವ ಹೊಸ ವಾರದ ಚುಚ್ಚುಮದ್ದುಗಳು ಜಠರವನ್ನು ನಿಧಾನಗೊಳಿಸುತ್ತವೆ. ಮಲಬದ್ಧತೆಯಿಂದ ನರಳುವವರೂ ಹಲವರು.

ಮಾವನವರು ಈಗ ಅಡಿಗೆಮನೆಯ ಗೋಡೆಗೆ ಶಾಲೆಯ ವೇಳಾಪಟ್ಟಿಯಂತೆ ಒಂದು ಕಾಗದ ಅಂಟಿಸಿದ್ದಾರೆ. ಆರನೆಯ ಪಿರಿಯಡ್ಡು ರಾತ್ರಿ ಎಂಟಕ್ಕೆ: ಗಂಜಿ. ತೂಕ ಎರಡು ಕಿಲೋ ಏರಿದೆ. ಮುದ್ದೆಯನ್ನು ಮಾತ್ರ ಮರೆತಿಲ್ಲ. "ಭಾನುವಾರ ಅರ್ಧ ಮುದ್ದೆಗೆ ಡಾಕ್ಟರನ್ನು ಕೇಳಿ ನೋಡಪ್ಪ" ಎಂದು ಮೊನ್ನೆ ನನ್ನ ಮೂಲಕ ಅರ್ಜಿ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.