ಪಾಠ ಮಾರುವ ಕೆಲಸ ಬಿಟ್ಟ ಮೇಲೆ

ಕನ್ನಡ ಸಂಘದವರು "ಸ್ಟಾರ್ಟಪ್ ಅನುಭವ ಬರೆದುಕೊಡಿ" ಅಂತ ಮೆಸೇಜ್ ಹಾಕಿದ್ದರು. ನನ್ನದು ಸ್ಟಾರ್ಟಪ್ ಅಲ್ಲ ಮಾರಾಯ್ರೆ. ಆಫೀಸ್ ಇಲ್ಲ, ಪಾರ್ಟ್ನರ್ ಇಲ್ಲ, ಫಂಡಿಂಗ್ ಅಂತೂ ಕೇಳಲೇಬೇಡಿ. ಸಣ್ಣಪುಟ್ಟ ಉದ್ಯಮಗಳಿಗೆ ಗೂಗಲ್‌ನಲ್ಲಿ ಜಾಹೀರಾತು ನಡೆಸಿಕೊಡುತ್ತೇನೆ, ಒಬ್ಬನೇ. ಅದಕ್ಕೂ ಮುಂಚೆ ಮೂರೂವರೆ ವರ್ಷ ಡಿಜಿಟಲ್ ಮಾರ್ಕೆಟಿಂಗ್ ಕಲಿಸುವ ಒಂದು ಆನ್‌ಲೈನ್ ಕಂಪನಿಯಲ್ಲಿದ್ದೆ. ಹೆಸರು ಬೇಡ. ಅಲ್ಲಿಂದ ಯಾಕೆ ಹೊರಬಂದೆ, ಬಂದ ಮೇಲೆ ಏನಾಯಿತು ಅನ್ನೋದನ್ನು ಬರೆಯುತ್ತೇನೆ. ನಿಮ್ಮ ಫೋನಿಗೂ "ಬರೀ 99 ರೂಪಾಯಿಗೆ ಮೂರು ಗಂಟೆಯ ವೆಬಿನಾರ್" ಅನ್ನೋ ಜಾಹೀರಾತು ಬರ್ತಾನೇ ಇರುತ್ತೆ ಅಂದುಕೊಂಡಿದ್ದೇನೆ.

ನಾನು 2019ರ ಬ್ಯಾಚ್, ಮೆಕ್ಯಾನಿಕಲ್. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. 2020ರ ಲಾಕ್‌ಡೌನ್‌ನಲ್ಲಿ ಆರ್ಡರ್ ನಿಂತವು, ಮೊದಲು ಹೊಸಬರನ್ನು ಮನೆಗೆ ಕಳಿಸಿದರು. ಊರಲ್ಲಿ ಕೂತು ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಗೂಗಲ್ ಆಡ್ಸ್ ಕಲಿತೆ. ಅದು ಪೂರ್ತಿ ಉಚಿತ, ಪರೀಕ್ಷೆಯೂ ಉಚಿತ, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತೆ. ಆ ಸರ್ಟಿಫಿಕೇಟ್ ತೋರಿಸಿ ಈ ಕಂಪನಿಗೆ ಸೇರಿದೆ. ಎಲ್ಲರೂ ಮನೆಯಲ್ಲಿ ಕೂತು ಏನಾದ್ರೂ ಕಲಿಯಬೇಕು ಅಂತಿದ್ದ ಕಾಲ, ಬಿಸಿನೆಸ್ ಜೋರಾಗಿತ್ತು. ಬೆಳಿಗ್ಗೆ ಗೂಗಲ್ ಆಡ್ಸ್ ಪಾಠ ಮಾಡುತ್ತಿದ್ದೆ, ಮಧ್ಯಾಹ್ನದ ಮೇಲೆ ನಮ್ಮ ಕೋರ್ಸಿನದೇ ಜಾಹೀರಾತು ನೋಡಿಕೊಳ್ಳುತ್ತಿದ್ದೆ. ಸಂಬಳ ಒಂದು ತಿಂಗಳೂ ತಡ ಆಗಲಿಲ್ಲ. ಜೊತೆಗಿದ್ದವರೂ ಒಳ್ಳೆಯವರೇ.

ಈ ಬಿಸಿನೆಸ್ ಹೇಗೆ ನಡೆಯುತ್ತೆ ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ನಾನು ಹಾಕಿದವು, ಯಾವ ಕಂಪನಿಯದ್ದೂ ಅಲ್ಲ. 99 ರೂಪಾಯಿಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಒಳಗೇ ಸೇರಿದ್ದರೆ ಕೈಗೆ ಸಿಗೋದು 83 ರೂಪಾಯಿ ಚಿಲ್ಲರೆ. ಒಬ್ಬರನ್ನು ವೆಬಿನಾರ್‌ಗೆ ಕರೆತರೋಕೆ ಜಾಹೀರಾತಿಗೆ 200 ರೂಪಾಯಿ ಖರ್ಚಾಗುತ್ತೆ ಅಂದುಕೊಳ್ಳಿ. ನೂರು ಜನ ಬಂದರೆ ಹನ್ನೊಂದೂವರೆ ಸಾವಿರಕ್ಕೂ ಹೆಚ್ಚು ನಷ್ಟ. ಆ ನೂರರಲ್ಲಿ ಇಬ್ಬರು 30,000 ರೂಪಾಯಿಯ ಕೋರ್ಸಿಗೆ ಸೇರಿದರೆ ತೆರಿಗೆ ಕಳೆದು 50,000ದ ಮೇಲೆ ಬರುತ್ತೆ. ನಷ್ಟ ತುಂಬಿ ಸಂಬಳ, ಬಾಡಿಗೆಗೂ ಆಗುತ್ತೆ. ಇಬ್ಬರ ಜಾಗದಲ್ಲಿ ಮೂವರಾದರೆ ಹಬ್ಬ, ಒಬ್ಬರಾದರೆ ಮೀಟಿಂಗ್ ಮೇಲೆ ಮೀಟಿಂಗ್.

ಇಬ್ಬರನ್ನು ಮೂವರು ಮಾಡೋದು ಯಾವುದು? ವೆಬಿನಾರಿನ ಕೊನೆಯ ಇಪ್ಪತ್ತು ನಿಮಿಷ, ಆಮೇಲೆ ಹೋಗುವ ಫೋನ್ ಕರೆ, "ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ" ಅನ್ನೋ ಬೋರ್ಡು. ಆರನೇ ವಾರದ ಪಾಠ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರೋದಿಲ್ಲ. ಅಷ್ಟು ಹೊತ್ತಿಗೆ ಫೀಸು ಬಂದಾಗಿರುತ್ತೆ. ಯಾರೂ ಕೆಟ್ಟವರಾಗಬೇಕಿಲ್ಲ, ಸಮೀಕರಣದಲ್ಲಿ ಆ ವೇರಿಯಬಲ್ಲೇ ಇಲ್ಲ ಅಷ್ಟೇ.

ಇದು ನನಗೆ ಬರೀ ತತ್ವವಾಗಿ ಉಳಿಯಲಿಲ್ಲ. 2023ರ ಜುಲೈ 1ಕ್ಕೆ ಗೂಗಲ್ ತನ್ನ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್‌ನಲ್ಲಿ ಹೊಸ ಡೇಟಾ ತೆಗೆದುಕೊಳ್ಳೋದನ್ನು ನಿಲ್ಲಿಸಿತು. ಎಲ್ಲರೂ ಜಿಎ4ಗೆ ಹೋಗಬೇಕು ಅಂತ ಒಂದು ವರ್ಷಕ್ಕೂ ಮೊದಲೇ ಹೇಳಿತ್ತು. ನಮ್ಮ ಅನಾಲಿಟಿಕ್ಸ್ ಪಾಠಗಳೆಲ್ಲ ಹಳೆಯದರ ಮೇಲೇ ರೆಕಾರ್ಡ್ ಆಗಿದ್ದವು. ಹೊಸದಾಗಿ ಶೂಟ್ ಮಾಡಬೇಕು ಅಂತ ಏಪ್ರಿಲ್‌ನಿಂದ ಕೇಳುತ್ತಿದ್ದೆ. ಸ್ಟುಡಿಯೋ ಇದ್ದದ್ದು ಒಂದೇ, ಅದು ಪ್ರತಿ ವಾರ ಹೊಸ ಜಾಹೀರಾತಿನ ವೀಡಿಯೋಗೆ ಬುಕ್. ಆಗಸ್ಟ್ ಕಳೆಯಿತು, ದೀಪಾವಳಿ ಕಳೆಯಿತು. ಮಕ್ಕಳು ವೀಡಿಯೋದಲ್ಲಿ ಒಂದು ಬಟನ್ ನೋಡುತ್ತಿದ್ದರು, ತಮ್ಮ ಸ್ಕ್ರೀನ್‌ನಲ್ಲಿ ಅದನ್ನು ಹುಡುಕಿ ಹುಡುಕಿ ನನಗೆ ಮೆಸೇಜ್ ಮಾಡುತ್ತಿದ್ದರು. ನಾನು ರಾತ್ರಿ ಒಬ್ಬೊಬ್ಬರಿಗೂ ಜೂಮ್‌ನಲ್ಲಿ ತೋರಿಸುತ್ತಿದ್ದೆ.

ಅಂಥ ಒಂದು ರಾತ್ರಿ ಗದಗ ಕಡೆಯ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಹೊರಗಿನ ಗಿರಾಕಿಗೆ ನೀವು ಕೊನೇ ಸಲ ಕ್ಯಾಂಪೇನ್ ಮಾಡಿದ್ದು ಯಾವಾಗ್ರೀ?" ಕುಹಕ ಏನೂ ಇರಲಿಲ್ಲ. ಅಪ್ಪನ ಗೊಬ್ಬರದ ಅಂಗಡಿಗೆ ಜಾಹೀರಾತು ಮಾಡಬೇಕು ಅಂತ ಸೇರಿದ್ದ ಹುಡುಗ, ಅಂಗಡಿಯ ಉದಾಹರಣೆ ಬೇಕಿತ್ತು ಅವನಿಗೆ. ನಾನು ಇದ್ದದ್ದನ್ನೇ ಹೇಳಿದೆ: ಈ ಕೋರ್ಸನ್ನು ಬಿಟ್ಟು ಬೇರೆ ಯಾವುದಕ್ಕೂ ಮಾಡಿಲ್ಲ. ನಾನು ಮಾತ್ರ ಅಲ್ಲ, ನಮ್ಮ ಆರು ಜನ ಪಾಠ ಮಾಡುವವರಲ್ಲಿ ಐವರ ಕಥೆ ಅದೇ. ಮಾರ್ಕೆಟಿಂಗ್ ಕಲಿಸುವ ಕೋರ್ಸನ್ನು ಮಾರ್ಕೆಟ್ ಮಾಡೋದು ನಮಗೆ ಬಹಳ ಚೆನ್ನಾಗಿ ಬರುತ್ತಿತ್ತು. ಗೊಬ್ಬರ ಮಾರೋದು ಬರುತ್ತಾ? ಗೊತ್ತಿರಲಿಲ್ಲ. ನನಗೆ ಅದನ್ನು ನೋಡಬೇಕು ಅನ್ನಿಸಿತು.

2024ರ ಫೆಬ್ರವರಿಯಲ್ಲಿ ಬಿಟ್ಟೆ. ಎಜುಕೇಶನ್ ಲೋನ್ ಇನ್ನೂ ಇತ್ತು, ಬ್ಯಾಂಕಿನಲ್ಲಿ ಆರು ತಿಂಗಳಿಗೆ ಆಗುವಷ್ಟು ದುಡ್ಡಿತ್ತು. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. "ಒಂದನೇ ತಾರೀಕು ಅನ್ನೋದೇ ಇಲ್ಲದ ಕೆಲಸ ಒಂದು ಕೆಲಸಾನಾ?" ಅಂದರು. ಆಮೇಲೆ ಎರಡು ವಾರ ಆ ವಿಷಯ ಎತ್ತಲಿಲ್ಲ. ನಮ್ಮಪ್ಪನ ಲೆಕ್ಕದಲ್ಲಿ ಅದು ಜಗಳಕ್ಕಿಂತ ದೊಡ್ಡದು.

ಆಫರ್ ಲೆಟರಿನಲ್ಲಿ "ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವಂತಿಲ್ಲ" ಅಂತ ಒಂದು ಸಾಲಿತ್ತು. ನಿಮ್ಮ ಲೆಟರಿನಲ್ಲೂ ಬರಬಹುದು, ಅದಕ್ಕೇ ಹೇಳ್ತೀನಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬ ಮನುಷ್ಯ ಕಾನೂನುಬದ್ಧವಾದ ವೃತ್ತಿ ಮಾಡದಂತೆ ತಡೆಯುವ ಕರಾರು ಸಾಮಾನ್ಯವಾಗಿ ಅನೂರ್ಜಿತ. ಹಾಗಂತ ಕಂಪನಿಯ ವಿದ್ಯಾರ್ಥಿಗಳ ಪಟ್ಟಿ, ಫೋನ್ ನಂಬರು ಎತ್ತಿಕೊಂಡು ಬರೋ ಹಾಗಿಲ್ಲ, ಅದು ಬೇರೆಯೇ ವಿಚಾರ. ನಾನು ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ಡ್ರೈವ್ ಖಾಲಿ ಮಾಡಿ, ಎಚ್‌ಆರ್ ಹತ್ತಿರ ಬರಹದಲ್ಲಿ ತಗೊಂಡು ಬಂದೆ.

ಮೊದಲ ಮೂರು ತಿಂಗಳು ಹೆಚ್ಚೇನೂ ಇಲ್ಲ. ಒಂದು ದಂತ ಚಿಕಿತ್ಸಾಲಯ, ಒಂದು ಪಿಜಿ. ಪಿಜಿಯವರು ಇನ್ನೂ ದುಡ್ಡು ಕೊಟ್ಟಿಲ್ಲ.

ಜುಲೈನಲ್ಲಿ ಪೀಣ್ಯದ ಹಳೆಯ ಪರಿಚಯದಿಂದ ಒಂದು ಕೆಲಸ ಬಂತು. ಶಿವಮೊಗ್ಗ ಕಡೆ ಅಡಿಕೆ ಸುಲಿಯುವ ಯಂತ್ರ ಮಾಡುವವರು. ಎಂಟು ಜನರ ವರ್ಕ್‌ಶಾಪ್. ಅವರ ಸಂಬಂಧಿಕರೊಬ್ಬರು ಆಗಲೇ ಗೂಗಲ್ ಆಡ್ಸ್ ಹಾಕಿಕೊಟ್ಟಿದ್ದರು. ದಿನಾ ದುಡ್ಡು ಹೋಗುತ್ತಿತ್ತು, ಕ್ಲಿಕ್ ಬರುತ್ತಿದ್ದವು, ಯಂತ್ರ ಹೋಗುತ್ತಿರಲಿಲ್ಲ. "ಗೂಗಲ್ ಎಲ್ಲ ಮೋಸ" ಅನ್ನೋ ತೀರ್ಮಾನಕ್ಕೆ ಯಜಮಾನರು ಬಂದಿದ್ದರು.

ಗೂಗಲ್ ಆಡ್ಸ್‌ನಲ್ಲಿ ಸರ್ಚ್ ಟರ್ಮ್ಸ್ ರಿಪೋರ್ಟ್ ಅಂತ ಇದೆ. ಜನ ಏನು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಾಣಿಸಿತು ಅನ್ನೋದರ ಬಹುಪಾಲು ಪಟ್ಟಿ ಅಲ್ಲಿ ಸಿಗುತ್ತೆ. ತೆಗೆದು ನೋಡಿದರೆ ದುಡ್ಡು ತಿಂದದ್ದರಲ್ಲಿ ಮೇಲಿದ್ದದ್ದು "ಇವತ್ತಿನ ಅಡಿಕೆ ರೇಟ್". ಮಲೆನಾಡಿನಲ್ಲಿ ಬೆಳಿಗ್ಗೆ ಎದ್ದು ಧಾರಣೆ ನೋಡದ ಮನೆ ಇದೆಯಾ? ಅವರಿಗೆಲ್ಲ ನಾವು ಯಂತ್ರ ತೋರಿಸುತ್ತಿದ್ದೆವು. ರೇಟ್, ಧಾರಣೆ, ಮಾರ್ಕೆಟ್, ಇವನ್ನೆಲ್ಲ ನೆಗೆಟಿವ್ ಕೀವರ್ಡ್ ಮಾಡಿದೆ. ಇದು ನಾನೇ ಪಾಠ ಮಾಡುತ್ತಿದ್ದ ವಿಷಯ, ಅಲ್ಲಿಯವರೆಗೆ ಸಲೀಸು.

ಆಮೇಲೂ ದಕ್ಷಿಣ ಕನ್ನಡದಿಂದ ಬಹಳ ಕ್ಲಿಕ್ ಬರುತ್ತಿದ್ದವು, ಮಾರಾಟ ಸೊನ್ನೆ. ಯಾಕೆ ಅಂತ ಸ್ಕ್ರೀನ್ ನೋಡಿದರೆ ಗೊತ್ತಾಗೋದಿಲ್ಲ. ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು ನಗುತ್ತಾ ಹೇಳಿದರು. ತೀರ್ಥಹಳ್ಳಿ, ಸಾಗರ ಕಡೆ ಹೆಚ್ಚಾಗಿ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಪುತ್ತೂರು, ಸುಳ್ಯದ ಕಡೆ ಹಣ್ಣಡಿಕೆಯನ್ನು ತಿಂಗಳಿಗೂ ಮೇಲೆ ಅಂಗಳದಲ್ಲಿ ಒಣಗಿಸಿ, ಆಮೇಲೆ ಸುಲಿಯುತ್ತಾರೆ, ಅದು ಚಾಲಿ. ನಮ್ಮ ಯಂತ್ರ ಹಸಿ ಅಡಿಕೆಯದು, ಒಣಗಿದ್ದಕ್ಕೆ ಅದರ ಬ್ಲೇಡು ಆಗೋದಿಲ್ಲ. ಅಂದರೆ ಜಿಲ್ಲೆ ಬದಲಾದರೆ ಅದೇ ಪದ ಬೇರೆ ಯಂತ್ರವನ್ನು ಕೇಳುತ್ತೆ! ಮೆಕ್ಯಾನಿಕಲ್ ಓದಿದ್ದಕ್ಕೆ ಮೊದಲ ಸಲ ಉಪಯೋಗ ಆಯಿತು, ಬ್ಲೇಡಿನ ವ್ಯತ್ಯಾಸ ಅವರು ಹೇಳಿದ ಕೂಡಲೇ ಅರ್ಥವಾಯಿತು. ಆ ಜಿಲ್ಲೆಯನ್ನು ತೆಗೆದು, ಆ ದುಡ್ಡನ್ನು ಮಲೆನಾಡಿಗೆ ಹಾಕಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಒಬ್ಬರು ಅಡಿಕೆ ಅಂತಾರೆ, ಇನ್ನೊಬ್ಬರು ಅಡಕೆ. ಸುಲಿಯೋ, ಸುಲಿಯುವ, ಸುಲ್ಯೋ... ಎಲ್ಲ ಸ್ಪೆಲಿಂಗೂ ಸೇರಿಸಿದೆ.

ಇಷ್ಟೆಲ್ಲ ಆದಮೇಲೂ ದೊಡ್ಡ ವ್ಯತ್ಯಾಸ ತಂದದ್ದು ಜಾಹೀರಾತು ಅಲ್ಲವೇ ಅಲ್ಲ. ರೈತರು ಫೋನ್ ಮಾಡೋದು ರಾತ್ರಿ ಏಳರ ಮೇಲೆ, ತೋಟದ ಕೆಲಸ ಮುಗಿಸಿ. ವರ್ಕ್‌ಶಾಪಿನ ಫೋನು ಆರಕ್ಕೆ ಬೀಗದೊಳಗೆ. ಯಜಮಾನರ ಮಗಳು ಆ ಫೋನನ್ನು ಮನೆಗೆ ಒಯ್ಯಲು ಶುರು ಮಾಡಿದಳು. ಅವಳು ಬಿಕಾಂ ಎರಡನೇ ವರ್ಷ. ಯಂತ್ರದ ಬಗ್ಗೆ ಅಪ್ಪನಿಗಿಂತ ಚೆನ್ನಾಗಿ ಮಾತಾಡುತ್ತಾಳೆ. ಕೊಯ್ಲು ಮುಗಿಯುವ ಹೊತ್ತಿಗೆ ಫೋನಿನಿಂದಲೇ 11 ಯಂತ್ರ ಹೋದವು. ಸಣ್ಣ ಸಂಖ್ಯೆ, ವೆಬಿನಾರ್ ಸ್ಲೈಡಿನಲ್ಲಿ ಹಾಕೋಕೆ ಆಗೋದಿಲ್ಲ. ಎಂಟು ಜನರ ವರ್ಕ್‌ಶಾಪಿಗೆ ಅದು ಸಣ್ಣದಲ್ಲ.

ನಡುವೆ ಸೆಪ್ಟೆಂಬರ್ ಬಂದಾಗ ನನ್ನ ಆರು ತಿಂಗಳ ದುಡ್ಡು ಮುಗಿದಿತ್ತು. ಅಡಿಕೆಯವರು ಸೀಸನ್ ಮುಗಿದ ಮೇಲೆ ಕೊಡೋದು ಅಂತ ಮೊದಲೇ ಮಾತಾಗಿತ್ತು, ಅವರಿಗೇ ಆಗ ದುಡ್ಡು ಬರೋದು. ನನ್ನ ಥರವೇ ಕಂಪನಿ ಬಿಟ್ಟಿದ್ದ ಹಳೆಯ ಸಹೋದ್ಯೋಗಿ ಅದೇ ವಾರ ಫೋನ್ ಮಾಡಿದ. "ಫ್ರೀಲ್ಯಾನ್ಸರ್ ಆಗೋದು ಹೇಗೆ ಅಂತ ಒಂದು ಕೋರ್ಸ್ ಮಾಡೋಣ, ನಿನ್ನ ಕಥೆ ಚೆನ್ನಾಗಿದೆ" ಅಂದ. ಎರಡು ವಾರಾಂತ್ಯದಲ್ಲಿ ನನ್ನ ಮೂರು ತಿಂಗಳ ಖರ್ಚು ಬರುವಷ್ಟು ಲೆಕ್ಕ ಕೊಟ್ಟ. ಲೆಕ್ಕ ಸರಿಯಾಗಿಯೇ ಇತ್ತು, ಆ ಲೆಕ್ಕ ನಮಗಿಬ್ಬರಿಗೂ ಬಾಯಿಪಾಠ. ರಾತ್ರಿ ನಿದ್ದೆ ಬರಲಿಲ್ಲ. ಆದರೆ ಏನು ಕಲಿಸೋದು? ನನ್ನ ಹತ್ತಿರ ಇದ್ದದ್ದು ಒಬ್ಬ ದಂತವೈದ್ಯರು, ದುಡ್ಡು ಕೊಡದ ಒಂದು ಪಿಜಿ, ಇನ್ನೂ ಫಲಿತಾಂಶ ಬಾರದ ಒಂದು ಯಂತ್ರ. ಆಗೋದಿಲ್ಲ ಅಂದೆ. ಮರುದಿನ ತಂಗಿಯ ಹತ್ತಿರ ಸಾಲ ಕೇಳಿದೆ. ಅವಳು ಇವತ್ತಿಗೂ ಹಂಗಿಸುತ್ತಾಳೆ.

ಕಲಿಸೋದೇ ಕೆಟ್ಟದ್ದು ಅಂತ ಅಲ್ಲ. ಚೆನ್ನಾಗಿ ಕಲಿಸುವವರು ಇದ್ದಾರೆ, ಅಂಥವರ ಹತ್ತಿರ ಕಲಿತವರೂ ನನಗೆ ಗೊತ್ತು. ದುಡ್ಡು ಕಟ್ಟೋ ಮುಂಚೆ ಗದಗಿನ ಹುಡುಗ ಕೇಳಿದ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿ, ಅಷ್ಟೇ ನಾನು ಹೇಳೋದು.

ವ್ಯವಹಾರದ ಒಂದೆರಡು ವಿಷಯ, ಯಾರಾದ್ರೂ ಈ ದಾರಿಗೆ ಬರೋದಿದ್ದರೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಉದ್ಯಮ್ ನೋಂದಣಿ ಉಚಿತ, ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಿಕೊಳ್ಳಿ, ದುಡ್ಡು ಕೇಳುವ ವೆಬ್‌ಸೈಟುಗಳ ಹತ್ತಿರ ಹೋಗಬೇಡಿ. ಅದಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದಲ್ಲಿ ನಿಮಗೆ ಪಾವತಿ ಆಗಬೇಕು. ಪಿಜಿಯವರಿಗೆ ಇದನ್ನು ಹೇಳಿದೆ, "ಹೌದಾ?" ಅಂದರು. ಇನ್ನೊಂದು, ಜಾಹೀರಾತಿನ ಖಾತೆ, ಕಾರ್ಡು ಎರಡೂ ಗಿರಾಕಿಯ ಹೆಸರಲ್ಲೇ ಇರಲಿ. ನಾಳೆ ನಿಮ್ಮನ್ನು ಬಿಟ್ಟರೂ ಅವರ ಖಾತೆ ಅವರ ಹತ್ತಿರ ಇರುತ್ತೆ.

ಈಗ ಒಟ್ಟು ಐದು ಗಿರಾಕಿಗಳು. ಹಳೆಯ ಸಂಬಳದ ಮಟ್ಟಕ್ಕೆ ಕೆಲವು ತಿಂಗಳು ಮುಟ್ಟುತ್ತೇನೆ, ಕೆಲವು ತಿಂಗಳು ಇಲ್ಲ. ಅಪ್ಪ ಊರಲ್ಲಿ "ಮಗ ಅಡಿಕೆ ಮಷಿನ್ ಕಂಪನಿಯಲ್ಲಿದ್ದಾನೆ" ಅಂತ ಹೇಳಿಕೊಂಡಿದ್ದಾರೆ, ನಾನು ತಿದ್ದೋಕೆ ಹೋಗಿಲ್ಲ. ಆ ಯಜಮಾನರು ಈಗ ಚಾಲಿ ಸುಲಿಯುವ ಮಾಡೆಲ್ ಕೂಡ ಮಾಡಿದ್ದಾರೆ. ಹಾಗಾಗಿ ತೆಗೆದುಹಾಕಿದ್ದ ಜಿಲ್ಲೆಯನ್ನು ವಾಪಸ್ ಸೇರಿಸಬೇಕು. ತುಳುವಿನಲ್ಲಿ ಅಡಿಕೆಗೆ ಬಜ್ಜೆಯಿ ಅಂತಾರೆ, ಹವ್ಯಕರ ಮನೆಗಳಲ್ಲಿ ಅಡಕ್ಕೆ. ಆದರೆ ಫೋನಿನಲ್ಲಿ ಹುಡುಕುವಾಗ ಏನಂತ ಟೈಪ್ ಮಾಡ್ತಾರೆ? ಮುಂದಿನ ವಾರ ಪುತ್ತೂರಿಗೆ ಹೋಗುತ್ತಿದ್ದೇನೆ, ನಾಲ್ಕು ಮನೆಗೆ ಹೋಗಿ ಕೇಳಿಕೊಂಡು ಬರಬೇಕು.