ಮೂರು ಕೀಬೋರ್ಡು, ಕಳೆದುಹೋದ ತಾಳ!

ಹಂಸಲೇಖರ ಸಂಗೀತದ ‘ಪ್ರೇಮಲೋಕ’ ತೆರೆಗೆ ಬಂದದ್ದು 1987ರಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಸಿಂಥಸೈಜರ್ ನಾದ ನನ್ನ ತಲೆ ಕೆಡಿಸಿಬಿಟ್ಟಿತು! ಪಿಯುಸಿ ಫೀಸಿಗೆಂದು ಅಪ್ಪ ಕೊಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೀಬೋರ್ಡು ತಂದೆ. ಕಾಲೇಜು ಅಲ್ಲಿಗೇ ಮುಗಿಯಿತು.

ವಾಡಿಯ ಆರ್ಕೆಸ್ಟ್ರಾ ಒಂದಕ್ಕೆ ಸೇರಿದೆ. ಸೇಡಂ, ಚಿತ್ತಾಪುರ, ಚಿಂಚೋಳಿ... ಮದುವೆ, ಜಾತ್ರೆ ಇದ್ದಲ್ಲೆಲ್ಲ ನಮ್ಮ ಟೆಂಪೋ ಹಾಜರು. ಮೊದಲೇ ಎರಡು ಕೀಬೋರ್ಡು ಇದ್ದವು, ನನ್ನದು ಮೂರನೆಯದು. “ತಾಳ ಕೀಬೋರ್ಡಿನಾಗೇ ಅದ, ಇನ್ನ ಢೋಲಕ್ ಯಾಕ?” ಎಂದ ಮಾಲೀಕ. ಢೋಲಕ್ ಕಾಕಾ ತುಟಿ ಬಿಚ್ಚಲಿಲ್ಲ. ಹಗಲು ಪರ್ಸಿ ಹಾಸುವ ಕೂಲಿ, ರಾತ್ರಿ ಢೋಲಕ್. ಇದು ಅವರ ಬದುಕು.

ಶಹಾಬಾದಿನಲ್ಲಿ ಒಂದು ಮದುವೆ. ಹಿಂದಿನ ಸಾಲಿನಲ್ಲಿ ಅಪ್ಪ ಬಂದು ಕೂತಿದ್ದರು. ಕಾಕಾ ವೇದಿಕೆಯ ಪಕ್ಕ ಸುಮ್ಮನೆ ನಿಂತಿದ್ದರು. ಫೀಸಿನ ದುಡ್ಡು ದಂಡವಾಗಿಲ್ಲ ಎಂದು ತೋರಿಸಬೇಕಲ್ಲ! ನಾನು ಒಂದು ಕ್ಷಣವೂ ಕೈ ಎತ್ತಲಿಲ್ಲ. ಉಳಿದಿಬ್ಬರೇನು ಕಡಿಮೆಯೇ? ಮೂವರದೂ ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ಉದ್ದುದ್ದ ಸ್ಟ್ರಿಂಗ್ಸ್. ಸ್ಪೀಕರಿನಿಂದ ಬಂದದ್ದು ಬರೀ ಗುಂಯ್ಯ್! ಕುಣಿಯುತ್ತಿದ್ದ ಹುಡುಗರ ಕಾಲು ತಪ್ಪಿತು. ಒಬ್ಬೊಬ್ಬರೇ ಊಟಕ್ಕೆ ನಡೆದರು.

ವಿರಾಮದಲ್ಲಿ ಕಾಕಾ ಬಳಿಗೆ ಬಂದರು. “ತಮ್ಮಾ, ಒಂದರ ಮ್ಯಾಲ ಒಂದು ಪರ್ಸಿ ಒಟ್ಟಿದ್ರ ನೆಲ ಆಗ್ತದೇನು? ಬಾಜೂಕ್ ಬಾಜೂ ಹಾಸಬೇಕು.”

ಎಂಥ ಮಾತು! ಕೂಡಲೇ ಮೂವರೂ ಜಾಗ ಹಂಚಿಕೊಂಡೆವು. ಬೇಸ್ ಒಬ್ಬನಿಗೆ ಮಾತ್ರ, ಅದೂ ಢೋಲಕ್ಕಿನ ದಪ್ಪ ಪೆಟ್ಟಿನ ಜೊತೆಗೇ. ಕೆಳಗಿನ ಸ್ವರಗಳು ಒಂದಕ್ಕೊಂದು ಬಲುಬೇಗ ಅಂಟಿಕೊಳ್ಳುತ್ತವೆ. ಅದಕ್ಕೇ ಉಳಿದಿಬ್ಬರ ಎಡಗೈ ಜೇಬಿಗೆ! ಎರಡನೆಯವ ನಡುವಿನ ಸ್ವರಗಳಲ್ಲಿ ತುಂಡು ತುಂಡು ಕಾರ್ಡ್ ಹೊಡೆಯಬೇಕು. ಸ್ಟ್ರಿಂಗ್ಸ್ ಏಳುವುದೇ ನಿಧಾನ, ಬೆರಳೆತ್ತಿದರೂ ಬಾಲ ಬಿಡುವುದಿಲ್ಲ. ಅದು ನನ್ನ ಪಾಲಿಗೆ ಬಂತು: ಮೇಲಿನ ಸ್ವರದಲ್ಲಿ, ಮೆಲ್ಲಗೆ, ಚರಣಕ್ಕೆ ಮಾತ್ರ. ಎಕೋ ಇಳಿಸಿದೆವು. ಕೀಬೋರ್ಡಿನ ತಾಳ ಬಂದ್ ಮಾಡಿ ಕಾಕಾರನ್ನು ಕೂರಿಸಿದೆವು.

ಅದೇ ಹಾಡು, ಅದೇ ಸ್ಪೀಕರು. ಆದರೆ ಈಗ ಪೆಟ್ಟು ಪೆಟ್ಟಿನ ನಡುವೆ ಖಾಲಿ ಜಾಗವಿತ್ತು. ಕಾಲು ಕುಣಿಯುವುದು ಆ ಜಾಗದಲ್ಲೇ ಸ್ವಾಮಿ! ಊಟಕ್ಕೆ ಹೋದ ಹುಡುಗರು ಒದ್ದೆ ಕೈಯಲ್ಲೇ ಓಡಿ ಬಂದರು. ಢೋಲಕ್ ತೆಗೆಯುವ ಮಾತನ್ನು ಮಾಲೀಕ ಮತ್ತೆ ಎತ್ತಲಿಲ್ಲ.

ಈಗ ಕೀಬೋರ್ಡು ಮಾರಿ ಪೆನ್ನು ಹಿಡಿದಿದ್ದೇನೆ. ಆದರೆ ಆ ರಾತ್ರಿ ಮರೆತಿಲ್ಲ. ಮೊದಲರ್ಧದಲ್ಲಿ ಅಷ್ಟು ಬಾರಿಸಿದರೂ ನನ್ನ ನಾದ ಯಾವುದೆಂದು ಅಪ್ಪನಿಗೆ ತಿಳಿಯಲೇ ಇಲ್ಲವಂತೆ. “ಆಮ್ಯಾಲ ಸ್ವಲ್ಪೇ ಬಾರಿಸ್ದಿ, ಆದ್ರ ನಿಂದು ಕೇಳಸ್ತು ನೋಡು” ಎಂದರು.

ಫೀಸಿನ ಮಾತು ತೆಗೆಯಲಿಲ್ಲ.