ಗಾಜಿನ ಒಲೆ, ಜೋಳದ ರೊಟ್ಟಿ

ಒಲೆ ಒರೆಸುವುದಕ್ಕೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ನೀವು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ನಾನೊಮ್ಮೆ ಗಡಿಯಾರ ಮುಂದಿಟ್ಟುಕೊಂಡು ಹಾಕಿದ್ದೇನೆ. ಬೆಳಿಗ್ಗೆ ಚಹಾ ಉಕ್ಕಿದ್ದು, ರೊಟ್ಟಿಯ ಹಿಟ್ಟು ಉದುರಿದ್ದು, ಮಧ್ಯಾಹ್ನ ಬೇಳೆಯ ನೊರೆ ಇಳಿದದ್ದು, ರಾತ್ರಿ ಹಾಲು, ಎಲ್ಲ ಸೇರಿ ನಲವತ್ತು ನಿಮಿಷ! ಮನೆಯವರಿಗೆ ಹೇಳಿದರೆ, “ಅದಕ್ಕೂ ಗಡಿಯಾರ ನೋಡ್ತಾರೇನ?” ಎಂದು ನಕ್ಕರು. ನಗಲಿ. ಒರೆಸುವ ಅರಿವೆ ಅವರ ಕೈಯಲ್ಲಿಲ್ಲವಲ್ಲ. ಆದರೆ ಆ ನಲವತ್ತು ನಿಮಿಷ ಉಳಿಸಲು ಹೋಗಿ ನಾನು ಏನು ಕಳೆದುಕೊಳ್ಳುತ್ತಿದ್ದೆ ಎಂಬುದನ್ನು ನಿಮ್ಮೆದುರು ಹೇಳಿಕೊಳ್ಳಲು ಕೊಂಚ ನಾಚಿಕೆಯೇ ಆಗುತ್ತದೆ.

ನನ್ನ ತವರು ಬನಹಟ್ಟಿ. ನೇಕಾರರ ಮನೆ. ಮಗ್ಗದ ಕೋಣೆಗೂ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಅವ್ವನಿಗೆ ಮಸಿ ಎಂದರೆ ಹಗೆ. ಮಗ್ಗದ ಮೇಲಿನ ಹಾಸಿಗೆ ಒಂದೇ ಒಂದು ಬೆರಳಿನ ಗುರುತು ಬಿದ್ದರೂ ಆ ಸೀರೆಯ ಬೆಲೆ ಇಳಿಯಿತೆಂದೇ ಲೆಕ್ಕ. ಒಲೆಯ ಕೆಲಸ ಮುಗಿಸಿದವರು ಕೈಗೆ ಸೀಗೆಪುಡಿ ಹಚ್ಚಿ ತೊಳೆದು ತೋರಿಸಿಯೇ ಒಳಗೆ ಹೋಗಬೇಕು. ಇದೇ ಭಯಕ್ಕೆ ನಮ್ಮ ಮನೆಗೆ ಉಳಿದವರಿಗಿಂತ ಮೊದಲೇ ಹಿತ್ತಾಳೆಯ ಪಂಪ್ ಸ್ಟೋವ್ ಬಂದಿತ್ತು. ‘ಪ್ರೈಮಸ್’ ಎಂದು ನಾವೆಲ್ಲ ಕರೆಯುತ್ತಿದ್ದ ಈ ಬಗೆಯ ಸ್ಟೋವ್ ಹುಟ್ಟಿದ್ದು 1892ರಲ್ಲಿ, ದೂರದ ಸ್ವೀಡನ್ ದೇಶದಲ್ಲಿ. ಅದರ ಭರ್ರೆನ್ನುವ ಸದ್ದು ಮಗ್ಗದ ಲಟಪಟದ ಜೊತೆ ಸೇರಿದರೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದರ ಸಣ್ಣ ತೂತಿನಲ್ಲಿ ಕಸ ಸಿಕ್ಕರೆ ಉರಿ ಹಳದಿಯಾಗಿ ಮಸಿ ಕಾರುತ್ತಿತ್ತು. ಅವ್ವ ಕೂಡಲೇ ಪಿನ್ನು ಹಾಕುತ್ತಿದ್ದಳು. “ಒಲಿ ಹೊಳಿಬೇಕು ಅಂತಿಲ್ಲ, ಉರಿ ನೀಲಿ ಇರಬೇಕು” ಎನ್ನುವುದು ಅವಳ ಮಾತು. ಆಗ ಅದು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

1986ರಲ್ಲಿ ಮದುವೆಯಾಗಿ ಜಮಖಂಡಿಗೆ ಬಂದೆ. ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅತ್ತೆಯವರ ಅಡಿಗೆಮನೆಯಲ್ಲಿ ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ. ಹೊಲದಿಂದ ಬಂದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮಳೆಗಾಲಕ್ಕೆಂದು ಕೂಡಿಟ್ಟ ಕುಳ್ಳು. ದಿನಾ ಬೆಳಿಗ್ಗೆ ಬೂದಿ ತೆಗೆದು, ಸಗಣಿಯಿಂದ ಸಾರಿಸಿ, ಎರಡೆಳೆ ರಂಗೋಲಿ ಹಾಕಿದ ಮೇಲೆಯೇ ಬೆಂಕಿ. ಗೋಡೆ ಕಪ್ಪಾಗಿತ್ತು, ಜಂತಿ ಕಪ್ಪಾಗಿತ್ತು. ಒಲೆ ಮಾತ್ರ ಆಗಷ್ಟೇ ಮಿಂದು ಬಂದವರ ಹಾಗೆ ಇರುತ್ತಿತ್ತು. ಅವರ ಕಣ್ಣುಗಳು ಮಾತ್ರ ಸದಾ ಕೆಂಪು.

ಗ್ಯಾಸಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾದು, ಅಂತೂ 1991ರಲ್ಲಿ ಸಿಲಿಂಡರ್ ಬಂತು. ಎರಡು ಬರ್ನರಿನ ಸ್ಟೀಲಿನ ಒಲೆ. ಅತ್ತೆಯವರು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಚಹಾಕ್ಕೆ ಮಾತ್ರ ಒಪ್ಪಿದರು. ರೊಟ್ಟಿ ಮಾಡಲು ಮತ್ತೆ ಮೂರು ವರ್ಷ ಬೇಕಾಯಿತು. ಒಮ್ಮೆ ಒಪ್ಪಿಕೊಂಡ ಮೇಲೆ ಮಾತ್ರ ಆ ಎಡಗಡೆಯ ಬರ್ನರ್ ಅವರದೇ ಆಗಿಹೋಯಿತು. ಬೆಳಗಿನ ಒಂಬತ್ತು ಗಂಟೆಗೆ ಎಸರಿಟ್ಟು ಹಿಟ್ಟು ನಾದಿ ರೊಟ್ಟಿ ಬಡಿಯಲು ನಿಂತರೆಂದರೆ ನಾನು ಆ ಕಡೆ ಸುಳಿಯುತ್ತಿರಲಿಲ್ಲ.

ನಮ್ಮ ಕಡೆಯ ರೊಟ್ಟಿ ಮಾಡಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುವಾಗ ಒಣಹಿಟ್ಟು ಉದುರುತ್ತದೆ. ಮೇಲೆ ಒದ್ದೆ ಅರಿವೆಯಿಂದ ನೀರು ಸವರುವಾಗ ನಾಲ್ಕು ಹನಿ ಕೆಳಗೆ ಸೋರುತ್ತವೆ. ಕೊನೆಗೆ ಹಂಚು ಸರಿಸಿ ನೇರ ಉರಿಯ ಮೇಲೆ ಉಬ್ಬಿಸುವಾಗ ಅಂಚಿನ ಕರಕು ಬರ್ನರಿನ ತೂತಿಗೇ ಬೀಳುತ್ತದೆ. ಹಿಟ್ಟು, ನೀರು, ಶಾಖ ಮೂರೂ ಕೂಡಿದರೆ ಏನಾಗುತ್ತದೆ? ಗಂಜಿ! ನೂಲಿಗೆ ಗಂಜಿ ಹಚ್ಚಿದ ಮನೆಯಲ್ಲಿ ಬೆಳೆದವಳು ನಾನು. ಒಣಗಿದ ಗಂಜಿ ಎಷ್ಟು ಗಟ್ಟಿಯೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

2018ರ ದೀಪಾವಳಿಗೆ ಹುಬ್ಬಳ್ಳಿಯಿಂದ ಬಂದ ಮಗ ಗಾಜಿನ ಮೇಲ್ಮೈಯ ಮೂರು ಬರ್ನರಿನ ಒಲೆ ತಂದ. ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕಡ್ಡಿ ಗೀರಬೇಕಿಲ್ಲ, ಗುಂಡಿ ತಿರುವಿದರೆ ಸಾಕು. “ಅವ್ವಾ, ಒಂದ ಸಲ ಒರಸಿದ್ರ ಮುಗೀತು” ಎಂದ. ಓಣಿಯವರೆಲ್ಲ ಬಂದು ನೋಡಿ ಹೋದರು. ನನಗೂ ಹೆಮ್ಮೆ. ಹಳೆಯ ಒಲೆ ಅಟ್ಟ ಸೇರಿತು.

ಮೊದಲ ವಾರದಲ್ಲೇ ಒಂದು ತಿಳಿಯಿತು. ಹಾಲು, ಸಾರು ಚೆಲ್ಲಿದರೆ ಗಾಜಿನ ಒಲೆಯಷ್ಟು ಸಲೀಸು ಇನ್ನೊಂದಿಲ್ಲ. ಇದನ್ನು ಒಪ್ಪಬೇಕು. ಆದರೆ ಹಿಟ್ಟು? ಕಪ್ಪು ಗಾಜಿನ ಮೇಲೆ ಬಿಳಿ ಜೋಳದ ಹಿಟ್ಟು ಬಿದ್ದರೆ ಊರಿಗೆಲ್ಲ ಕಾಣುತ್ತದೆ. ಒಣಗಿದ್ದನ್ನು ತಂತಿಯ ನಾರಿನಿಂದ ತಿಕ್ಕಿದರೆ ಗೀರು ಬೀಳುತ್ತದೆ. ಬಿಸಿಯಿದ್ದಾಗ ತಣ್ಣನೆಯ ಅರಿವೆ ಇಡಲು ಭಯ. ಬೀಳಗಿಯಲ್ಲಿರುವ ನಮ್ಮ ಚಿಕ್ಕಮ್ಮ ಕಾದ ಹಂಚನ್ನು ಇಳಿಸಿ ಗಾಜಿನ ಮೇಲೆಯೇ ಇಟ್ಟುಬಿಟ್ಟಿದ್ದಳಂತೆ. ಢಬ್ಬೆಂದು ಸಿಡಿದು ಅಡಿಗೆಮನೆ ತುಂಬ ಕಲ್ಲುಸಕ್ಕರೆಯಂತೆ ಚೂರು ಹರಡಿತಂತೆ. ಇಂಥ ಒಲೆಗೆ ಹಾಕುವ ಹದಗೊಳಿಸಿದ ಗಾಜು ಒಡೆದರೆ ಈಟಿಯಂಥ ತುಂಡಾಗದೆ ಹೀಗೆ ಸಣ್ಣ ಹರಳುಗಳಾಗುತ್ತದೆ. ಜೀವಕ್ಕೆ ಅಪಾಯ ಕಡಿಮೆ, ನಿಜ. ಆದರೆ ಆ ಸುದ್ದಿ ಕೇಳಿದ ಮೇಲೆ ನನ್ನ ಕಣ್ಣು ಅತ್ತೆಯವರ ಕೈಯ ಮೇಲೆಯೇ ಇರತೊಡಗಿತು. ಅವರಿಗೆ ಆಗ ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆ ತೆಗೆಸಿತ್ತು, ಕೈ ತುಸು ನಡುಗುತ್ತಿತ್ತು.

ಒಂದು ದಿನ ಬಾಯಿ ತಪ್ಪಿತು. “ಅತ್ತಿ, ನೀವು ಬಿಡ್ರಿ. ಗಾಜಿನ ಮ್ಯಾಲ ಹಿಟ್ಟ ಚೆಲ್ಲತೈತಿ, ಮತ್ತ ನಾನ ಒರಸಬೇಕಾಗತೈತಿ.”

ಅವರು ಏನೂ ಅನ್ನಲಿಲ್ಲ. ಪರಾತದಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಮುಚ್ಚಿಟ್ಟು, ಕೈ ತೊಳೆದುಕೊಂಡು ಪಡಸಾಲೆಗೆ ಹೋಗಿ ಕುಳಿತರು. ಮರುದಿನ ಒಂಬತ್ತಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಅಲ್ಲಿಂದ ತರಿಸತೊಡಗಿದೆ. ಒಲೆ ಹೊಳೆಯತೊಡಗಿತು. ಒರೆಸುವ ಹೊತ್ತು ಹತ್ತು ನಿಮಿಷಕ್ಕಿಳಿಯಿತು. ಅತ್ತೆಯವರು ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕಿಳಿದರು. ಆಮೇಲೆ ಅರ್ಧ. “ಹಸಿವಿಲ್ಲವ್ವಾ” ಎನ್ನುತ್ತಿದ್ದರು. ವಯಸ್ಸು, ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದ ವರ್ಷ. ಹೊಳೆಯ ದಂಡೆಯ ಹಳ್ಳಿಯಿಂದ ನಮ್ಮ ಬೀಗರ ಮನೆಯ ಹನ್ನೊಂದು ಮಂದಿ ಉಟ್ಟ ಬಟ್ಟೆಯಲ್ಲಿ ನಮ್ಮಲ್ಲಿಗೆ ಬಂದಿಳಿದರು. ಹೊರಗಿನಿಂದ ರೊಟ್ಟಿ ತರೋಣವೆಂದರೆ ಮಾಡುವವರೆಲ್ಲ ಆಸರೆ ಕೇಂದ್ರಗಳಿಗೆ ಮಾಡಿಕೊಡುತ್ತಿದ್ದಾರೆ. ನಾನು ಗಾಜಿನ ಒಲೆಯ ಮುಂದೆ ನಿಂತು ಒಂದೊಂದೇ ಬೇಯಿಸುತ್ತ, ನಡುನಡುವೆ ಒರೆಸುತ್ತ ಇದ್ದೆ. ಮಕ್ಕಳು ಹಸಿದು ಅಳುತ್ತಿದ್ದವು. ಅತ್ತೆಯವರು ಬಾಗಿಲಲ್ಲಿ ಬಂದು ನಿಂತರು.

“ಅಟ್ಟದ ಮ್ಯಾಲಿಂದ ಅದನ್ನ ಇಳಸು” ಎಂದರು.

ಮನೆಯವರು ಹಳೆಯ ಒಲೆ ಇಳಿಸಿದರು. ಪೈಪು ಬದಲಿಸಿ, ಕೂಡಿಸಿದಲ್ಲಿ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿ ಹೊತ್ತಿಸಿದೆವು. ಸೆರಗು ಬಿಗಿದು ನಿಂತ ಅತ್ತೆಯವರು ಬಡಿಯುವುದು, ನಾನು ಬೇಯಿಸುವುದು. ಎಂಟು ದಿನ ಹೀಗೇ ನಡೆಯಿತು. ಅಡಿಗೆಮನೆ ತುಂಬ ಹಿಟ್ಟು, ಬರ್ನರಿನ ಸುತ್ತ ಕರಕು. ಬಂದವರು ಶೇಂಗಾ ಚಟ್ನಿಯ ಜೊತೆ ಹೊಟ್ಟೆತುಂಬ ಉಂಡರು. ಕಡೆಯ ಸಾಲಿನಲ್ಲಿ ಕೂತ ಅತ್ತೆಯವರೂ ಎರಡೂವರೆ ರೊಟ್ಟಿ ಉಂಡದ್ದನ್ನು ನಾನು ಲೆಕ್ಕ ಇಟ್ಟೆ. ಆ ರಾತ್ರಿ ಒಲೆ ಒರೆಸುತ್ತ ಯಾಕೋ ಅಳು ಬಂತು.

ನೆರೆ ಇಳಿದ ಮೇಲೆ ಹೊಸ ಒಲೆ ತರುವುದೆಂದು ಗಟ್ಟಿ ಮಾಡಿದೆ. ಹಳೆಯದರ ತಳ ತುಕ್ಕು ತಿಂದಿತ್ತು, ಒಂದು ಗುಂಡಿ ಸಡಿಲಾಗಿತ್ತು. ಅಂಥದನ್ನು ಬಳಸುವುದು ತಪ್ಪು. ಕೆಲವರು ಕರೆಂಟಿನ ಇಂಡಕ್ಷನ್ ಒಲೆ ತಗೊಳ್ಳಿ, ಅದಕ್ಕಿಂತ ಚೊಕ್ಕಟ ಇನ್ನೊಂದಿಲ್ಲ ಎಂದರು. ಚೊಕ್ಕಟವೇನೋ ಹೌದು. ಆದರೆ ಅದಕ್ಕೆ ತಳ ಸಪಾಟಾಗಿರುವ ಪಾತ್ರೆ ಬೇಕು. ನಮ್ಮ ರೊಟ್ಟಿ ಹಂಚಿನ ಹೊಟ್ಟೆ ತಗ್ಗು. ನಡುವೆ ಕಾದು ಅಂಚು ಹಸಿಯೇ ಉಳಿಯುತ್ತದೆ. ಮೇಲಾಗಿ ರೊಟ್ಟಿ ಉಬ್ಬಿಸಲು ಉರಿಯೇ ಇಲ್ಲ!

ಜಮಖಂಡಿಯಲ್ಲಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲರೂ ಗಾಜಿನದನ್ನೇ ಮುಂದೆ ತಳ್ಳುವವರು. ಕೊನೆಗೆ ನಾದಿನಿಯ ಊರು ಮುಧೋಳಕ್ಕೆ ಹೋದೆ, ಹಂಚನ್ನು ಚೀಲದಲ್ಲಿ ಹಾಕಿಕೊಂಡೇ. ಅಂಗಡಿಯವ ಬಿದ್ದು ಬಿದ್ದು ನಕ್ಕ. “ಅಕ್ಕಾರ, ಹಂಚ ತಗೊಂಡ ಒಲಿ ನೋಡಾಕ ಬಂದವ್ರನ್ನ ಇವತ್ತ ನೋಡಿದೆ ನೋಡ್ರಿ.” ನಗಲಿ ಎಂದು ಬಿಟ್ಟು, ಒಂದೊಂದರ ಮೇಲೂ ಹಂಚಿಟ್ಟು ಅಲುಗಿಸಿದೆ. ಎಷ್ಟೋ ಚೆಂದದ ಒಲೆಗಳ ಮೇಲೆ ಅದು ತೊಟ್ಟಿಲಿನಂತೆ ತೂಗಿತು. ಎರಡು ಬರ್ನರಿನ ನಡುವೆ ಜಾಗ ಸಾಲದೆ ಹಂಚಿನ ಅಂಚು ಪಕ್ಕದ ಪಾತ್ರೆಗೆ ತಾಗುವಂಥವೂ ಇದ್ದವು. ಅಂಥಲ್ಲೇ ಹೆಚ್ಚು ಚೆಲ್ಲುವುದು.

ಕಡೆಗೆ ಒಂದು ಒಪ್ಪಿತು. ಸ್ಟೀಲಿನದು, ಎರಡೇ ಬರ್ನರ್. ಪಾತ್ರೆ ಕೂಡುವ ಕಬ್ಬಿಣದ ಸ್ಟ್ಯಾಂಡು ಎತ್ತಿದರೆ ಪೂರ್ತಿ ಕೈಗೆ ಬರುತ್ತದೆ. ಅದರ ಕೆಳಗಿನ ತಟ್ಟೆಯೂ ಬರುತ್ತದೆ. ಬರ್ನರಿನ ಹಿತ್ತಾಳೆಯ ಟೋಪಿ ದಪ್ಪ, ಭಾರ, ತೂತುಗಳು ಪಿನ್ನು ಹೋಗುವಷ್ಟು ದೊಡ್ಡವು. ಮೈಯಲ್ಲಿ ಕೈಬೆರಳು ಹೋಗದ ಸಂದಿ, ಅಂಟಿಸಿದ ಹೂವಿನ ಚಿತ್ರ ಒಂದೂ ಇಲ್ಲ. ಕೆಳಗೆ ಎತ್ತರದ ಕಾಲು, ಅರಿವೆ ಹಿಡಿದ ಕೈ ಸಲೀಸಾಗಿ ಒಳಗೆ ಹೋಗುತ್ತದೆ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4246 ಎಂಬ ಸಂಖ್ಯೆ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಓದಿದೆ. ಮನೆಯ ಗ್ಯಾಸ್ ಒಲೆಗೆ ಅದೇ ಕಟ್ಟಳೆ. ಉರಿಯ ಶಾಖದಲ್ಲಿ ನೂರಕ್ಕೆ 68 ಪಾಲಾದರೂ ಪಾತ್ರೆಗೆ ಮುಟ್ಟಬೇಕೆಂಬುದು ಆ ಕಟ್ಟಳೆಯಲ್ಲೇ ಇದೆ. ತಾನೇ ಹೊತ್ತಿಕೊಳ್ಳುವ ಗುಂಡಿ ಬೇಡವೆಂದೆ. ರೊಟ್ಟಿಯ ನೀರು ಅದರ ತುದಿಗೆ ಬಿದ್ದರೆ ಟಿಕ್ ಟಿಕ್ ಎನ್ನುತ್ತದೆಯೇ ಹೊರತು ಹೊತ್ತುವುದಿಲ್ಲ. ನೂರು ರೂಪಾಯಿಯ ಲೈಟರು ಸಾಕು.

ಈ ಒಲೆಗೂ ಐಬಿಲ್ಲವೆಂದಲ್ಲ. ಬರ್ನರಿನ ಸುತ್ತ ಸ್ಟೀಲು ಕಾದು ನೀಲಿ ಬಣ್ಣ ತಿರುಗಿತು. ಅದು ಹೋಗುವುದಿಲ್ಲ, ನಾನೂ ಈಗ ತಿಕ್ಕುವುದಿಲ್ಲ. ಒಣಗಿದ ಹಿಟ್ಟಿನ ಮೇಲೆ ಒದ್ದೆ ಅರಿವೆ ಹಾಸಿ ಕಾಲು ಗಂಟೆ ಬಿಟ್ಟರೆ ತಾನೇ ಮೆತ್ತಗಾಗಿ ಬರುತ್ತದೆ. ಬನಹಟ್ಟಿಯ ಗಂಜಿ ಕಲಿಸಿದ ಪಾಠವಿದು. ಹಿತ್ತಾಳೆಯ ಟೋಪಿಗಳನ್ನು ವಾರಕ್ಕೊಮ್ಮೆ ಹುಣಸೆಹಣ್ಣಿನ ನೀರಿನಲ್ಲಿ ತೊಳೆದು, ತೂತು ತೂತಿಗೂ ಪಿನ್ನು ಹಾಕಿ, ಪೂರ್ತಿ ಒಣಗಿಸಿಯೇ ಕೂಡಿಸಬೇಕು. ಹಸಿ ಇದ್ದರೆ ಉರಿ ಕುಣಿಯುತ್ತದೆ. ತೂತು ಮುಚ್ಚಿದರೆ ಉರಿ ಹಳದಿಯಾಗುತ್ತದೆ. ಆಗ ಗ್ಯಾಸ್ ಪೂರ್ತಿ ಉರಿಯದೆ ಪಾತ್ರೆಯ ತಳಕ್ಕೆ ಮಸಿ, ಜೇಬಿಗೆ ನಷ್ಟ, ಮುಚ್ಚಿದ ಕೋಣೆಯಾದರೆ ಉಸಿರಿಗೂ ಕೇಡು. ಗ್ಯಾಸಿನ ಕೇಸರಿ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದನ್ನೂ ಮರೆಯಬೇಡಿ. ಅದರ ಮೇಲೆಯೇ ವರ್ಷ ಬರೆದಿರುತ್ತದೆ.

ಗಾಜಿನ ಒಲೆಯನ್ನು ಮಗ ಹುಬ್ಬಳ್ಳಿಗೆ ಒಯ್ದ. ಅಲ್ಲಿ ಸೊಸೆ ಚಪಾತಿ, ಅನ್ನ ಮಾಡುವವಳು. ಅವಳಿಗೆ ಅದು ಚೆನ್ನಾಗಿ ಒಗ್ಗಿದೆ. ಬೇಸರವಾಯಿತೇನೋ ಎಂದು ಕೇಳಿದ್ದಕ್ಕೆ, “ಆಯಿ ರೊಟ್ಟಿ ಮಾಡಂಗಿಲ್ಲ ಅಂತ ನಂಗ್ಯಾಕ ಹೇಳಲಿಲ್ಲ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅತ್ತೆಯವರಿಗೆ ಈಗ ನಿಂತು ಬಡಿಯಲು ಆಗುವುದಿಲ್ಲ. ಒಲೆಯ ಕಟ್ಟೆಯ ಪಕ್ಕ ಎತ್ತರದ ಸ್ಟೂಲು ಹಾಕಿಕೊಟ್ಟಿದ್ದೇನೆ. ಅಲ್ಲಿ ಕೂತು ದಿನಾ ಒಂದು ರೊಟ್ಟಿ ತಾವೇ ಬಡಿಯುತ್ತಾರೆ, ತಮ್ಮದು. ಉಳಿದವು ನನ್ನವು. ಹಿಟ್ಟು ಮಾತ್ರ ನನ್ನ ಹತ್ತು ರೊಟ್ಟಿಗಿಂತ ಅವರ ಒಂದಕ್ಕೇ ಹೆಚ್ಚು ಚೆಲ್ಲುತ್ತದೆ. ಮೊನ್ನೆ ಉರಿ ತುಸು ಹಳದಿ ಆಡಿತು. ಇನ್ನೊಂದು ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲವಾದರೂ ನನಗಿಂತ ಮೊದಲು ಅವರಿಗೇ ಕಂಡಿತು.

“ಯಾಕವಾ, ಈ ವಾರ ಪಿನ್ನ ಹಾಕಿಲ್ಲೇನ?”

“ಮರತೆ ನೋಡ್ರಿ ಅತ್ತಿ” ಎಂದೆ.

“ತಾ ಇಲ್ಲೆ” ಎಂದು ಕೈ ಚಾಚಿದರು.